ತುಮಕೂರಿಂದ ದಿನಾ ನೂರು ಕಿಲೋಮೀಟರ್ ಓಡ್ಸೋರು ಬೈಕ್ ಆರ್ಸೋದು ಹೇಗೆ

ನಾನಿರೋದು ತುಮಕೂರಿನ ಬಟವಾಡಿ ಹತ್ರ, ಕೆಲ್ಸ ಬೆಂಗಳೂರಿನ ಪೀಣ್ಯದಲ್ಲಿ. ಮನೆ ಗೇಟಿಂದ ಫ್ಯಾಕ್ಟರಿ ಗೇಟಿಗೆ 56 ಕಿಲೋಮೀಟರ್, ಹೋಗಿ ಬಂದ್ರೆ 112. ಏಳು ವರ್ಷ ಆಯ್ತು, ಇದು ಮೂರನೇ ಬೈಕು. ಮೊದ್ಲು 100 ಸಿಸಿ, ಆಮೇಲೆ 125, ಈಗ 160. ನಮ್ಮ ಬೀದಿಲಿ, ನಮ್ಮ ಶಿಫ್ಟಲ್ಲಿ ಯಾರಿಗಾದ್ರೂ ಬೈಕ್ ತಗೋಬೇಕು ಅನ್ಸಿದ್ರೆ ನನ್ನತ್ರ ಬರ್ತಾರೆ, ಬಂದೋರು ಕೇಳೋ ಮೊದಲನೇ ಮಾತು ಒಂದೇ, "ಅಣ್ಣ, ಮೈಲೇಜ್ ಯಾವ್ದು ಚೆನ್ನಾಗ್ ಕೊಡತ್ತೆ?" ಕೇಳೋದು ತಪ್ಪಲ್ಲ, ದುಡ್ಡು ಕಷ್ಟ ಪಟ್ಟು ದುಡಿದಿರೋದು. ಆದ್ರೆ ದಿನಾ ಹತ್ತು ಕಿಲೋಮೀಟರ್ ಓಡ್ಸೋನಿಗೆ ಸರಿ ಹೋಗೋ ಬೈಕು ನೂರು ಓಡ್ಸೋನಿಗೆ ಸರಿ ಹೋಗಲ್ಲ.

ಬೆಳಿಗ್ಗೆ ಹೋಗುವಾಗ ಯಾವ ಬೈಕಾದ್ರೂ ಚೆನ್ನಾಗೇ ಇರತ್ತೆ. ನಿದ್ದೆ ಆಗಿರತ್ತೆ, ಮೈ ಹಗುರ ಇರತ್ತೆ, ಗಾಳಿ ತಣ್ಣಗಿರತ್ತೆ. ಬೈಕ್ ಎಂಥದ್ದು ಅಂತ ಗೊತ್ತಾಗೋದು ಸಂಜೆ, ಎಂಟು ಗಂಟೆ ನಿಂತು ಕೆಲ್ಸ ಮಾಡಿ, ನೆಲಮಂಗಲದ ಟ್ರಾಫಿಕ್ಕಲ್ಲಿ ಕ್ಲಚ್ ಹಿಡಿದು ಹಿಡಿದು ಕೈ ಸೋತು, ದಾಬಸ್‌ಪೇಟೆ ದಾಟಿದ ಮೇಲೆ ಕ್ಯಾತ್ಸಂದ್ರ ಬರೋವರೆಗಿನ ಆ ಕೊನೆ 20 ಕಿಲೋಮೀಟರಲ್ಲಿ. ಕೆಳಗೆ ಬರ್ದಿರೋದನ್ನೆಲ್ಲ ಆ 20 ಕಿಲೋಮೀಟರ್ ಮನಸಲ್ಲಿಟ್ಕೊಂಡೇ ಬರ್ದಿದೀನಿ.

ಮೊದ್ಲು ಪೇಪರ್ ಮೇಲೆ ಲೆಕ್ಕ

ಶೋರೂಮಿಗೆ ಹೋಗೋಕೆ ಮುಂಚೆ ತಿಂಗಳಿಗೆ ಎಷ್ಟು ಕಿಲೋಮೀಟರ್ ಆಗತ್ತೆ ಅಂತ ಬರ್ಕೊಳ್ಳಿ. ನಂದು 112 ಇಂಟು 25 ದಿನ, ಅಂದ್ರೆ 2,800. ವರ್ಷಕ್ಕೆ 33,600. ಸಾಮಾನ್ಯವಾಗಿ ಊರೊಳಗೆ ಓಡ್ಸೋರಿಗೆ ಮೂರು ನಾಲ್ಕು ವರ್ಷದಲ್ಲಿ ಆಗೋ ಓಟ ನಮ್ಗೆ ಒಂದೇ ವರ್ಷದಲ್ಲಿ ಆಗೋಗತ್ತೆ, ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ವಾರಂಟಿ ವಿಷ್ಯಕ್ಕೆ ಬಂದಾಗ ಮತ್ತೆ ಬೇಕಾಗತ್ತೆ.

ಈಗ ಪೆಟ್ರೋಲ್ ಲೆಕ್ಕ. ಲೀಟರ್ 103 ರೂಪಾಯಿ ಅಂತಿಟ್ಕೊಳ್ಳಿ. ಲೀಟರಿಗೆ 60 ಕೊಡೋ ಗಾಡಿಗೆ, 125 ಸಿಸಿ ಅಂದ್ಕೊಳ್ಳಿ, ತಿಂಗಳಿಗೆ ಹತ್ತತ್ರ 47 ಲೀಟರ್, 4,800 ರೂಪಾಯಿ. 45 ಕೊಡೋ 160 ಸಿಸಿಗೆ 62 ಲೀಟರ್, 6,400. 35 ಕೊಡೋದಾದ್ರೆ 80 ಲೀಟರ್, 8,240. ಅಂದ್ರೆ 125 ಸಿಸಿಗೂ 160 ಸಿಸಿಗೂ ತಿಂಗಳಿಗೆ 1,600 ರೂಪಾಯಿ ವ್ಯತ್ಯಾಸ. ಆ 1,600 ಕೊಟ್ಟು ಏನು ಸಿಗತ್ತೆ ಅನ್ನೋದೇ ನೀವು ತೀರ್ಮಾನ ಮಾಡ್ಬೇಕಾಗಿರೋದು, ಕೆಲವ್ರಿಗೆ ಅದು ಬೇಡ, ಕೆಲವ್ರಿಗೆ ಬೇಕೇ ಬೇಕು.

ಮೈಲೇಜ್ ಅಂದ್ರೆ ಕಂಪನಿ ಹೇಳೋ ನಂಬರ್ ತಗೋಬೇಡಿ. ಅದೇ ರೋಡಲ್ಲಿ ಅದೇ ಟೈಮಲ್ಲಿ ಅದೇ ಬೈಕ್ ಓಡ್ಸೋರನ್ನ ಕೇಳಿ. ನಮ್ಮ ಹೈವೇಲಿ 60 ರಲ್ಲಿ ಹೋದ್ರೆ ಒಂದು ಮೈಲೇಜು, 80 ರಲ್ಲಿ ಹೋದ್ರೆ ಇನ್ನೊಂದು, ಎದುರು ಗಾಳಿ ಇದ್ರೆ ಮತ್ತೊಂದು. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಸೇರಿರೋ ಪೆಟ್ರೋಲು, ಎಥನಾಲಲ್ಲಿ ಪೆಟ್ರೋಲಿನಷ್ಟು ಶಕ್ತಿ ಇಲ್ಲ, ಹಾಗಾಗಿ ಐದಾರು ವರ್ಷದ ಹಿಂದೆ ಯಾರೋ ಹೇಳಿದ ಮೈಲೇಜ್ ಈಗ ಬರ್ತಿಲ್ಲ ಅಂತ ತಲೆ ಕೆಡ್ಸ್ಕೋಬೇಡಿ.

ಇನ್ನೊಂದು ಮಾತು, ಎಲ್ರೂ ಪೂರ್ತಿ ದೂರ ಬೈಕಲ್ಲೇ ಹೋಗ್ಬೇಕು ಅಂತೇನಿಲ್ಲ. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೂ ಬಂದಿದೆ. ಕೆಲ್ಸ ಯಶವಂತಪುರದಿಂದ ಆಚೆ, ಮಲ್ಲೇಶ್ವರ ಜಯನಗರ ಕಡೆ ಇದ್ರೆ ಗಾಡಿನ ಮೆಟ್ರೋ ಹತ್ರ ನಿಲ್ಸಿ ಮುಂದಕ್ಕೆ ಟ್ರೈನಲ್ಲಿ ಹೋಗಿ. ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲಿ ಬೇಯೋದು ತಪ್ಪತ್ತೆ. ಹಾಗೆ ಮಾಡೋರಿಗೆ ಬೇಕಾಗಿರೋದು ಪಕ್ಕಾ ಹೈವೇ ಬೈಕು, ಸಿಟಿಗೆ ಹಗುರ ಇರ್ಬೇಕು ಅನ್ನೋ ಚಿಂತೆ ಅವ್ರಿಗಿಲ್ಲ.

ಯಾವ ರೋಡು ಅನ್ನೋದು ನೋಡಿ

ದೂರ ಒಂದೇ ಇದ್ರೂ ರೋಡ್ ಬೇರೆ ಆದ್ರೆ ಬೈಕೂ ಬೇರೆ. ಗುಬ್ಬಿ, ಕುಣಿಗಲ್, ಕೊರಟಗೆರೆ ಕಡೆಯಿಂದ ತುಮಕೂರಿಗೋ ವಸಂತನರಸಾಪುರಕ್ಕೋ ಬರೋರಿಗೆ ಅರ್ಧ ದಾರಿ ಹಳ್ಳಿ ರೋಡು, ಹಂಪು, ದನ, ಟ್ರ್ಯಾಕ್ಟರ್. ಅಲ್ಲಿ 80 ಮುಟ್ಟೋದೇ ಇಲ್ಲ. ಸುಗ್ಗಿ ಟೈಮಲ್ಲಿ, ಡಿಸೆಂಬರ್ ಜನವರಿಲಿ, ರೋಡಿಗೇ ರಾಗಿ ಹರಡಿರ್ತಾರೆ, ಹುರುಳಿ ಹರಡಿರ್ತಾರೆ, ವಾಹನ ತುಳೀಲಿ ಅಂತ. ರಾಗಿ ಹುಲ್ಲಿನ ಮೇಲೆ ಬ್ರೇಕ್ ಹಿಡಿದ್ರೆ ಚಕ್ರ ಸೋಪಿನ ಮೇಲೆ ಹೋದಂಗೆ ಹೋಗತ್ತೆ, ಹುರುಳಿ ಬಳ್ಳಿ ಆದ್ರೆ ಚೈನ್‌ಗೆ, ಹಿಂದಿನ ಚಕ್ರದ ಆಕ್ಸಲ್‌ಗೆ ಸುತ್ಕೊಂಡು ಬಿಡತ್ತೆ. ಅಂಥ ದಾರಿಯೋರು ಫುಲ್ ಚೈನ್ ಕವರ್ ಇರೋ ಗಾಡಿ ನೋಡಿ. ನೋಡೋಕೆ ಹಳೇ ಕಾಲದ್ದು ಅನ್ಸತ್ತೆ, ಆದ್ರೆ ಧೂಳು, ಕೆಸರು, ಬಳ್ಳಿ ಯಾವ್ದೂ ಚೈನ್ ಮುಟ್ಟಲ್ಲ, ಚೈನ್ ಬಾಳಿಕೆ ಜಾಸ್ತಿ ಬರತ್ತೆ.

ನನ್ನ ಥರ ನೇರ ರಾಷ್ಟ್ರೀಯ ಹೆದ್ದಾರಿ 48 ಹಿಡ್ಯೋರದ್ದು ಬೇರೆ ಕಥೆ. ಇಲ್ಲಿ ಪಕ್ಕದಲ್ಲಿ 100 ರಲ್ಲಿ ಕಾರು, 80 ರಲ್ಲಿ ಬಸ್ಸು, ಲಾರಿ ಸಾಲು. ಬಸ್ಸು ಓವರ್‌ಟೇಕ್ ಮಾಡ್ದಾಗ ಮೊದ್ಲು ಗಾಳಿ ಹೊರಗೆ ತಳ್ಳತ್ತೆ, ಆಮೇಲೆ ಒಳಗೆ ಎಳ್ಯತ್ತೆ. 110 ಕೆಜಿ ಚಿಲ್ರೆ ಇರೋ ಗಾಡಿ ಆ ಏಟಿಗೆ ಒಂದಡಿ ಪಕ್ಕಕ್ಕೆ ಹೋಗತ್ತೆ, 140 ಕೆಜಿದು ಅಲ್ಲಾಡತ್ತೆ ಅಷ್ಟೇ. ಆರು ಪಥದ ಕೆಲ್ಸ ನಡೀತಿರೋ ಕಡೆ ಇದ್ದಕ್ಕಿದ್ದಂಗೆ ಸರ್ವೀಸ್ ರೋಡಿಗೆ ಇಳಿಸ್ತಾರೆ, ಎಡಗಡೆ ಅಂಚಲ್ಲಿ ಜಲ್ಲಿ ಮರಳು, ಎದುರಿಂದ ರಾಂಗ್ ಸೈಡಲ್ಲಿ ಬರೋರು ಬೇರೆ.

ಎಷ್ಟು ಸಿಸಿ

ನಾನು ಮೊದ್ಲು ಎರಡು ವರ್ಷ 100 ಸಿಸಿ ಓಡ್ಸಿದೆ. ಗಾಡಿ ಕೆಟ್ಟದ್ದಲ್ಲ, ಊರೊಳಗೆ ಅದ್ರಂಥ ಗಾಡಿ ಇಲ್ಲ, ಇವತ್ತಿಗೂ ನಮ್ಮ ಚಿಕ್ಕಪ್ಪ ತೋಟಕ್ಕೆ ಅದ್ರಲ್ಲೇ ಹೋಗ್ತಾರೆ. ಆದ್ರೆ 97 ಸಿಸಿ, ಎಂಟು ಹಾರ್ಸ್‌ಪವರ್, ನಾಲ್ಕೇ ಗೇರು. 50-55ರವರೆಗೆ ಆರಾಮ. 70 ಆದ್ರೆ ಇಂಜಿನ್ ಕೂಗೋಕೆ ಶುರು, ಹ್ಯಾಂಡಲ್ಲಲ್ಲಿ ನಡುಕ, ಫುಟ್‌ರೆಸ್ಟಲ್ಲಿ ನಡುಕ. ಲಾರಿ ಹಿಂದೆ ಬಂದು ಹಾರ್ನ್ ಹಾಕ್ತಿರ್ತಾನೆ, ಮುಂದೆ ಹೋಗೋಕೆ ಆಕ್ಸಿಲರೇಟರಲ್ಲಿ ಇನ್ನೇನೂ ಉಳಿದಿರಲ್ಲ, ಪೂರ್ತಿ ತಿರುಗಿಸಿ ಆಗಿರತ್ತೆ. ಕ್ಯಾತ್ಸಂದ್ರದ ಟೋಲ್ ಹತ್ರ ಬರೋಷ್ಟರಲ್ಲಿ ಬಲಗೈಯಿನ ಕೊನೆ ಎರಡು ಬೆರಳು ಜೋಮು ಹಿಡಿದಿರೋದು, ಮನೆ ಮುಂದೆ ಇಳಿದು ಬೀಗದ ಕೈನ ಬೀಗಕ್ಕೆ ಹಾಕೋಕೆ ಎರಡು ಮೂರು ಸಲ ಪ್ರಯತ್ನ ಪಡ್ಬೇಕಿತ್ತು. ನನ್ನ ಹೆಂಡ್ತಿ ಒಂದಿನ ಬಾಗಿಲು ತೆಗೆದು ನೋಡಿ "ಕೈ ಯಾಕ್ರೀ ಹಂಗೆ ನಡುಗ್ತಿದೆ" ಅಂದ್ಲು. ಅವತ್ತೇ ಬೈಕ್ ಬದಲಾಯಿಸ್ಬೇಕು ಅಂತ ಅಂದ್ಕೊಂಡಿದ್ದು.

ಇಂಜಿನ್‌ಗೆ ಮೇಲೆ ಇನ್ನೂ ಸ್ವಲ್ಪ ಉಳಿದಿರ್ಬೇಕು. ನೀವು ದಿನಾ ಓಡ್ಸೋ ಸ್ಪೀಡು ಆ ಗಾಡಿಯ ಟಾಪ್ ಸ್ಪೀಡಿನ ಮುಕ್ಕಾಲು ಭಾಗ ದಾಟ್ಬಾರ್ದು, ಇದು ನನ್ನ ಲೆಕ್ಕ. ದಾಟಿದ್ರೆ ಇಂಜಿನ್ನೂ ಬೇಗ ಸವೆಯತ್ತೆ, ಮೈಯೂ ಸವೆಯತ್ತೆ, ಮೈಲೇಜೂ ಕಮ್ಮಿ ಆಗತ್ತೆ, ಯಾವ ಮೈಲೇಜಿಗೆ ಅಂತ ತಗೊಂಡ್ರೋ ಅದೇ ಸಿಗಲ್ಲ.

ಹಾಗಾಗಿ ಹೋಗಿ ಬಂದು 40 ಕಿಲೋಮೀಟರ್ ಒಳಗೆ ಇದ್ದು, ಹಳ್ಳಿ ರೋಡು ಇಲ್ಲಾ ಊರ ರೋಡು ಆದ್ರೆ, 100-110 ಸಿಸಿ ಸಾಕು, ದುಡ್ಡು ಉಳಿಸಿ. ಹೀರೋ ಸ್ಪ್ಲೆಂಡರ್, ಹೋಂಡಾ ಶೈನ್ 100, ಬಜಾಜ್ ಪ್ಲಾಟಿನಾ 110, ಟಿವಿಎಸ್ ರೇಡಿಯಾನ್ ಈ ಥರದ್ದು. ಪ್ಲಾಟಿನಾದ ಸೀಟು ಸಸ್ಪೆನ್ಷನ್ ಮೆತ್ತಗಿರತ್ತೆ, ಹಂಪು ಜಾಸ್ತಿ ಇರೋ ದಾರಿಗೆ ಒಳ್ಳೇದು.

40ರಿಂದ 80ರವರೆಗೆ, ಅಂದ್ರೆ ತುಮಕೂರಿಂದ ದಾಬಸ್‌ಪೇಟೆ, ಇಲ್ಲಾ ನೆಲಮಂಗಲದವರೆಗೆ ಹೋಗಿ ಬರೋರಿಗೆ 125. ನಮ್ಮೂರಿಂದ ಹೋಗೋರಲ್ಲಿ ಹೆಚ್ಚು ಜನಕ್ಕೆ ಸರಿಯಾದ ಗಾಡಿ ಇದೇ, ಅನುಮಾನ ಇಲ್ಲ. ಐದು ಗೇರ್ ಇದೆಯಾ ಅಂತ ಮಾತ್ರ ಕೇಳಿ ತಗೊಳ್ಳಿ. ಹೋಂಡಾ ಶೈನ್, ಎಸ್‌ಪಿ 125, ಟಿವಿಎಸ್ ರೈಡರ್, ಹೀರೋ ಎಕ್ಸ್‌ಟ್ರೀಮ್ 125ಆರ್, ಪಲ್ಸರ್ 125 ಎಲ್ಲಾ ಈ ಸಾಲಲ್ಲೇ ಬರತ್ತೆ. ಶೈನ್ ನೇರ ಕೂತ್ಕೊಂಡು ಸಮಾಧಾನವಾಗಿ ಹೋಗೋರಿಗೆ, ರೈಡರ್ ಸ್ವಲ್ಪ ಚುರುಕು ಬೇಕು ಅನ್ನೋರಿಗೆ.

80 ದಾಟಿದ್ರೆ, ಅದೂ ಹೈವೇಲಿ, ನಾನು ಹೇಳೋದು 150-160. ಹೋಂಡಾ ಯೂನಿಕಾರ್ನ್, ಯಮಹಾ ಎಫ್‌ಝಡ್, ಬಜಾಜ್ ಪಲ್ಸರ್ 150 ಇಲ್ಲಾ ಎನ್160, ಟಿವಿಎಸ್ ಅಪಾಚಿ ಆರ್‌ಟಿಆರ್ 160. ಇವೆಲ್ಲ 70-75ರಲ್ಲಿ ಹೋಗುವಾಗ ಇಂಜಿನ್ ಮಾತಾಡ್ತಿದೆಯೇ ಹೊರತು ಕೂಗ್ತಿರಲ್ಲ. ಲಾರಿ ದಾಟ್ಬೇಕು ಅಂದ್ರೆ ಕೈ ತಿರುಗಿಸಿದ ತಕ್ಷಣ ಹೋಗತ್ತೆ, ಲಾರಿ ಪಕ್ಕದಲ್ಲಿ ಇರೋ ಹೊತ್ತು ಕಮ್ಮಿ ಆಗತ್ತೆ. ನಾನು ತಿಂಗಳಿಗೆ 1,600 ಜಾಸ್ತಿ ಕೊಡ್ತಿರೋದು ಇದಕ್ಕೇ. ಅಂದ್ಹಾಗೆ ಇದ್ರಲ್ಲೂ ದಿನದ ಓಟಕ್ಕೆ ಯೂನಿಕಾರ್ನ್ ಥರ ಸಾದಾ ಗಾಡಿನೇ ವಾಸಿ, ಹ್ಯಾಂಡಲ್ ಎತ್ತರ ಇದೆ, 13 ಲೀಟರ್ ಟ್ಯಾಂಕು, ನಾಲ್ಕು ದಿನ ಬಂಕ್ ಕಡೆ ತಲೆ ಹಾಕ್ಬೇಕಾಗಿಲ್ಲ. ಮೈ ಬಗ್ಗಿಸಿ ಓಡ್ಸೋ ಗಾಡಿಗಳು ಫೋಟೋದಲ್ಲಿ ಚೆಂದ, ವಾರಕ್ಕೆ ಆರು ದಿನ ಅಲ್ಲ.

350 ಬೇಕು ಅನ್ನೋರು ಬಹಳ ಜನ ಇದಾರೆ. ರಾಯಲ್ ಎನ್‌ಫೀಲ್ಡ್ ಹಂಟರ್ 181 ಕೆಜಿ, ಕ್ಲಾಸಿಕ್ 195. ಹೈವೇಲಿ ಕಲ್ಲಿನಂಗೆ ಕೂತ್ಕೊಳ್ಳತ್ತೆ, ಸುಳ್ಳಲ್ಲ. ಆದ್ರೆ ನೆಲಮಂಗಲದಿಂದ ಆಚೆ ಮಾಕಳಿ, ಮಾದಾವರ, ಜಾಲಹಳ್ಳಿ ಕ್ರಾಸ್ ಅಂತ ನಿಂತು ನಿಂತು ಹೋಗೋ ಟ್ರಾಫಿಕ್ಕಲ್ಲಿ ಅಷ್ಟು ಭಾರನ ಕಾಲಲ್ಲಿ ತಳ್ಳಿಕೊಂಡು ಹೋಗ್ಬೇಕು, ಪೆಟ್ರೋಲು ತಿಂಗಳಿಗೆ ಎಂಟು ಸಾವಿರ ದಾಟತ್ತೆ. ಆಸೆ ಇದ್ರೆ, ತಡ್ಕೊಳ್ಳೋ ಶಕ್ತಿ ಇದ್ರೆ ತಗೊಳ್ಳಿ, ಖರ್ಚು ಮೊದ್ಲೇ ಗೊತ್ತಿರ್ಲಿ ಅಂತ ಹೇಳ್ದೆ.

ಸ್ಕೂಟರ್ ಬಗ್ಗೆ ಒಂದೇ ಮಾತು. ನಮ್ಮ ಅಕ್ಕನ ಮಗಳು ದಾಬಸ್‌ಪೇಟೆಗೆ ಸ್ಕೂಟರಲ್ಲೇ ಹೋಗ್ತಾಳೆ, ಹೋಗೋಕೆ ಆಗತ್ತೆ. ಆದ್ರೆ ಸ್ಕೂಟರ್ ಚಕ್ರ 10 ಇಲ್ಲಾ 12 ಇಂಚು, ಬೈಕಿಂದು 17-18. ಗುಂಡಿ ಅಷ್ಟೇ ಇದ್ರೂ ಚಿಕ್ಕ ಚಕ್ರ ಒಳಗೆ ಬೀಳತ್ತೆ, ದೊಡ್ಡದು ಮೇಲೆ ಹಾಯ್ಕೊಂಡು ಹೋಗತ್ತೆ. ಆ ಏಟು ಬೀಳೋದು ನೇರ ಬೆನ್ನುಮೂಳೆಗೆ. ಎಲೆಕ್ಟ್ರಿಕ್ ಆದ್ರೆ ಕೆಲ್ಸದ ಜಾಗದಲ್ಲಿ ಚಾರ್ಜಿಂಗ್ ಪಾಯಿಂಟ್ ಇದೆಯಾ ಅಂತ ಮೊದ್ಲು ಕೇಳಿ, ಇದ್ರೆ ಖರ್ಚಿನ ಲೆಕ್ಕದಲ್ಲಿ ಅದಕ್ಕೆ ಸಮ ಯಾವ್ದೂ ಇಲ್ಲ, ಇಲ್ದಿದ್ರೆ ನೂರು ಕಿಲೋಮೀಟರ್ ಓಟಕ್ಕೆ ಸಂಜೆ ಪರ್ಸೆಂಟೇಜ್ ನೋಡ್ಕೊಂಡೇ ಮನೆ ಸೇರ್ಬೇಕಾಗತ್ತೆ.

ನಿಮ್ಮ ಮೈಗೆ ಆ ಗಾಡಿ ಹೊಂದತ್ತಾ

ಇದನ್ನ ಯಾರೂ ನೋಡಲ್ಲ, ನಾನು ಎಲ್ಲಕ್ಕಿಂತ ಜಾಸ್ತಿ ನೋಡೋದು ಇದನ್ನೇ. ಬೈಕ್ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರ್ಬೇಕು, ಬರೀ ಬೆರಳ ತುದಿ ಅಲ್ಲ. ಮಂಡಿ ತೀರಾ ಮಡಚಿರ್ಬಾರ್ದು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರ್ಬೇಕು, ನೇರ ಸೆಟೆದು ನಿಂತ್ರೆ ರೋಡಿನ ಪ್ರತಿ ಏಟೂ ಭುಜಕ್ಕೆ ಬರತ್ತೆ. ಮೈ ಭಾರ ಅಂಗೈ ಮೇಲೆ ಬೀಳ್ತಿದೆಯಾ ಅಂತ ನೋಡ್ಕೊಳ್ಳಿ, ಬೀಳ್ತಿದ್ರೆ ಆ ಗಾಡಿ ನಿಮ್ದಲ್ಲ.

ಸೀಟು ಬೆರಳಲ್ಲಿ ಒತ್ತಿ ನೋಡೋರು ಇದಾರೆ, ಮೆತ್ತಗಿದ್ರೆ ಖುಷಿ ಪಡ್ತಾರೆ. ತೀರಾ ಮೆತ್ತಗಿರೋ ಫೋಮು ಅರ್ಧ ಗಂಟೆಗೆ ಕುಗ್ಗಿ ಕೆಳಗಿನ ತಗಡು ತಾಗತ್ತೆ. ಅಗಲ ಇರೋ, ಸ್ವಲ್ಪ ಗಟ್ಟಿ ಇರೋ, ಸಮ ಇರೋ ಸೀಟು ಒಳ್ಳೇದು. ಮುಂದಕ್ಕೆ ಇಳಿಜಾರು ಇರೋ ಸೀಟಲ್ಲಿ ಬ್ರೇಕ್ ಹಿಡಿದಾಗೆಲ್ಲ ಟ್ಯಾಂಕ್ ಕಡೆ ಜಾರ್ತೀರ, ಒಂದು ಗಂಟೆಲಿ ನೂರು ಸಲ ಹಿಂದೆ ಸರ್ಕೊಬೇಕು. ಗಾಡಿ ಎಲ್ಲಾ ಚೆನ್ನಾಗಿದ್ದು ಸೀಟ್ ಮಾತ್ರ ಸರಿ ಇಲ್ಲ ಅಂದ್ರೆ ತುಮಕೂರಿನ ಬಿ.ಎಚ್. ರೋಡಲ್ಲಿ ಸೀಟ್ ಕೆಲ್ಸದೋರು ಫೋಮ್ ಬದಲಾಯಿಸಿ ಕೊಡ್ತಾರೆ, ಅದು ದೊಡ್ಡ ವಿಷ್ಯ ಅಲ್ಲ.

ಊಟದ ಬ್ಯಾಗು ಬೆನ್ನಿಗೆ ಹಾಕ್ಬೇಡಿ. ಟಿಫನ್ ಬಾಕ್ಸು, ನೀರಿನ ಬಾಟ್ಲು, ಮಳೆ ಕೋಟು ಸೇರಿದ್ರೆ ನಾಲ್ಕು ಕೆಜಿ, ಅದು ದಿನಕ್ಕೆ ಮೂರು ಗಂಟೆ ನಿಮ್ಮ ಸೊಂಟದ ಮೇಲೆ. ಸೈಡ್ ಬಾಕ್ಸೋ ಹಿಂದೆ ಕ್ಯಾರಿಯರೋ ಹಾಕ್ಸೋಕೆ ಜಾಗ ಇರೋ ಗಾಡಿ ತಗೊಳ್ಳಿ. ಬಾಲ ಮೇಲಕ್ಕೆ ಎತ್ತಿರೋ ಸ್ಟೈಲ್ ಗಾಡಿಗಳಲ್ಲಿ ಇದಕ್ಕೆ ದಾರಿನೇ ಇರಲ್ಲ.

ಬ್ರೇಕು, ಲೈಟು, ಟೈರು

2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲಾ ಬೈಕಿಗೂ ಎಬಿಎಸ್ ಕಡ್ಡಾಯ, 125 ಮತ್ತೆ ಅದಕ್ಕಿಂತ ಕೆಳಗಿನವಕ್ಕೆ ಸಿಬಿಎಸ್ ಇದ್ರೂ ನಡ್ಯತ್ತೆ ಅಂತ ನಿಯಮ ಬಂತು. ಸಿಬಿಎಸ್ ಅಂದ್ರೆ ಹಿಂದಿನ ಬ್ರೇಕ್ ಒತ್ತಿದ್ರೆ ಮುಂದಿಂದೂ ಸ್ವಲ್ಪ ಹಿಡ್ಯತ್ತೆ, ಚಕ್ರ ಲಾಕ್ ಆಗೋದನ್ನ ಅದು ತಡೆಯಲ್ಲ. ಎಬಿಎಸ್ ತಡೆಯತ್ತೆ. ಮೊದಲ ಮಳೆ ಬಿದ್ದ ದಿನ, ರೋಡ್ ಮೇಲಿನ ಧೂಳು ಆಯಿಲ್ ಎಲ್ಲಾ ಕಲೆತು ಪಾಚಿ ಥರ ಆಗಿರುವಾಗ, ಮುಂದಿನ ಕಾರು ಥಟ್ಟಂತ ನಿಂತ್ರೆ ಆ ವ್ಯತ್ಯಾಸ ಗೊತ್ತಾಗತ್ತೆ. ನಂಗೆ ಕುಲುಮೆಪಾಳ್ಯ ಟೋಲ್ ಹತ್ರ ಹಾಗೇ ಆಯ್ತು, ಲಿವರ್ ಬೆರಳಿನ ಕೆಳಗೆ ಟಕಟಕ ಅಂತ ಒದರ್ತು, ಗಾಡಿ ನೇರ ನಿಂತ್ಕೊಳ್ತು, ನಂಗೂ ಕಾರಿಗೂ ಮಧ್ಯೆ ಒಂದು ಮೊಳ. 125 ತಗೊಳ್ಳೋರು ಎಬಿಎಸ್ ಇರೋ ವೇರಿಯಂಟ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಅದು ಇಲ್ದಿದ್ರೂ ಮುಂದೆ ಡಿಸ್ಕ್ ಇರ್ಲೇಬೇಕು. ಐದಾರು ಸಾವಿರ ಉಳಿಸೋಕೆ ಡ್ರಮ್ ತಗೊಂಡು ಹೈವೇಗೆ ಬರ್ಬೇಡಿ, ದಯವಿಟ್ಟು.

ಲೈಟ್ ನೋಡೋಕೆ ಹಗಲು ಶೋರೂಮಿಗೆ ಹೋದ್ರೆ ಏನೂ ಗೊತ್ತಾಗಲ್ಲ. ಆ ಗಾಡಿ ಇಟ್ಕೊಂಡಿರೋ ಪರಿಚಯದೋರ ಹತ್ರ ರಾತ್ರಿ ಒಂದು ರೌಂಡ್ ಕೇಳಿ, ಲೈಟ್ ಇಲ್ಲದ ರೋಡಲ್ಲಿ ಡಿಮ್ ಹಾಕಿ ಓಡ್ಸಿ. ಬೆಳಕು ಬರೀ ಮುಂದಿನ ಚಕ್ರದ ಹತ್ರ ಬಿದ್ರೆ ಸಾಲದು. ಹುಲ್ಲು ತುಂಬ್ಕೊಂಡು ಹಿಂದೆ ಒಂದು ರೆಡ್ ಲೈಟೂ ಇಲ್ಲದೆ ಹೋಗೋ ಟ್ರ್ಯಾಕ್ಟರ್ ನಮ್ಮ ಕಡೆ ಕಮ್ಮಿ ಇಲ್ಲ. ಚಳಿಗಾಲದಲ್ಲಿ ದಾಬಸ್‌ಪೇಟೆ ಹತ್ರ, ನಿಜಗಲ್ ಬೆಟ್ಟದ ಆಸುಪಾಸಲ್ಲಿ ಮಂಜು ಕೂತಾಗ ಶಿವಗಂಗೆ ಇರ್ಲಿ, ಮುಂದಿನ ಲಾರಿನೇ ಕಾಣಲ್ಲ. ಆಗ ಬಿಳಿ ಎಲ್‌ಇಡಿ ಮಂಜಿಗೆ ಹೊಡೆದು ಕಣ್ಣಿಗೇ ವಾಪಸ್ ಬರತ್ತೆ, ಹೈ ಬೀಮ್ ಹಾಕ್ಬೇಡಿ, ಡಿಮ್ಮಲ್ಲೇ ನಿಧಾನಕ್ಕೆ ಹೋಗಿ.

ಟೈರ್ ಎರಡೂ ಟ್ಯೂಬ್‌ಲೆಸ್ ಇರ್ಬೇಕು. ಟ್ಯೂಬ್ ಇದ್ರೆ ಮೊಳೆ ಚುಚ್ಚಿದ ತಕ್ಷಣ ಗಾಳಿ ಇಳಿದು ಗಾಡಿ ವಾಲಾಡತ್ತೆ, ಟ್ಯೂಬ್‌ಲೆಸ್ ಆದ್ರೆ ಮುಂದಿನ ಪಂಚರ್ ಅಂಗಡಿವರೆಗೂ ತಂದು ಬಿಡತ್ತೆ. ಹೆಲ್ಮೆಟ್ ಬಗ್ಗೆ ಬೇರೆ ಹೇಳ್ಬೇಕಾಗಿಲ್ಲ ಅಂದ್ಕೊಂಡಿದೀನಿ, ಐಎಸ್ಐ ಮಾರ್ಕ್ ಜೊತೆ ಐಎಸ್ 4151 ಅಂತ ಇರೋ ಪೂರ್ತಿ ಮುಖ ಮುಚ್ಚೋದು, ಗಾಜು ಬಿಳೀದು. ಕಪ್ಪು ಗಾಜು ಸಂಜೆ ಆರೂವರೆ ಮೇಲೆ ಉಪಯೋಗಕ್ಕೆ ಬರಲ್ಲ.

ದುಡ್ಡಿನ ವಿಷ್ಯ

ಎಕ್ಸ್ ಶೋರೂಮ್ ರೇಟ್ ನೋಡಿ ಮನಸು ಮಾಡ್ಬೇಡಿ, ಆನ್ ರೋಡ್ ಎಷ್ಟು ಅಂತ ಬರೆಸ್ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು, ಒಳ್ಳೇದಾಯ್ತು. ಆದ್ರೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸಲ್ಲಿ ಒಂದು ಮೆಟ್ಟಿಲು ಇದೆ. ಗಾಡಿ ಬೆಲೆ 50 ಸಾವಿರದಿಂದ ಒಂದು ಲಕ್ಷದ ಒಳಗೆ ಇದ್ರೆ 12 ಪರ್ಸೆಂಟು, ಲಕ್ಷ ದಾಟಿದ್ರೆ 18, ಅದ್ರ ಮೇಲೆ ಸೆಸ್ ಬೇರೆ. 95 ಸಾವಿರದ ಗಾಡಿಗೆ 11,400 ಟ್ಯಾಕ್ಸ್ ಆದ್ರೆ 1,05,000ದ್ದಕ್ಕೆ 18,900. ಬೆಲೆಲಿ ವ್ಯತ್ಯಾಸ ಹತ್ತು ಸಾವಿರ, ಟ್ಯಾಕ್ಸಲ್ಲೇ ಏಳೂವರೆ ಸಾವಿರ. ಲಕ್ಷದ ಗೆರೆ ಹತ್ರ ಇರೋ ಗಾಡಿ ತಗೊಳ್ಳೋರು ಕೆಳಗಿನ ವೇರಿಯಂಟ್ ಒಂದ್ಸಲ ನೋಡಿ, ಬ್ಲೂಟೂತ್ ಡಿಸ್ಪ್ಲೇಗೋಸ್ಕರ ಆ ಗೆರೆ ದಾಟ್ಬೇಡಿ. ಎಬಿಎಸ್‌ಗೋಸ್ಕರ ಆದ್ರೆ ದಾಟಿ.

ಇನ್ಶೂರೆನ್ಸಲ್ಲೂ 150 ಸಿಸಿಗೆ ಒಂದು ಗೆರೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೆ ಕಟ್ಟಲೇಬೇಕು. 2022ರಲ್ಲಿ ನಿಗದಿ ಮಾಡಿದ ದರದಲ್ಲಿ 150 ಸಿಸಿವರೆಗೆ 3,851, ಅದು ದಾಟಿದ್ರೆ 7,365. ಯಮಹಾ ಎಫ್‌ಝಡ್ 149, ಯೂನಿಕಾರ್ನ್ 162, ಓಡ್ಸೋಕೆ ಎರಡೂ ಒಂದೇ ವರ್ಗ, ಪೇಪರ್ ಮೇಲೆ ಬೇರೆ ಬೇರೆ. ಓನ್ ಡ್ಯಾಮೇಜ್, ಅಂದ್ರೆ ನಮ್ಮ ಗಾಡಿಗೇ ಆಗೋ ಹಾನಿಯ ಇನ್ಶೂರೆನ್ಸ್, ಶೋರೂಮಲ್ಲೇ ಮಾಡ್ಸ್ಬೇಕು ಅಂತ ಕಾನೂನೇನಿಲ್ಲ, ಹೊರಗೆ ಕೇಳಿ ನೋಡಿ.

ಈಗ ವಾರಂಟಿ. ಐದು ವರ್ಷ ಅಂತ ದೊಡ್ಡದಾಗಿ ಬರ್ದಿರ್ತಾರೆ, ಪಕ್ಕದಲ್ಲಿ ಚಿಕ್ಕದಾಗಿ ಇಲ್ಲಾ 70,000 ಕಿಲೋಮೀಟರ್ ಅಂತ ಇರತ್ತೆ, ಯಾವ್ದು ಮೊದ್ಲೋ ಅದು. ನನ್ನ ಓಟಕ್ಕೆ 70,000 ಎರಡು ವರ್ಷ ಒಂದು ತಿಂಗಳಿಗೆ ಮುಗ್ದೋಗತ್ತೆ. ಐದು ವರ್ಷದ ವಾರಂಟಿ ನಮ್ಮಂಥೋರಿಗೆ ಎರಡೇ ವರ್ಷ. ನನ್ನ ಎರಡನೇ ಗಾಡಿಗೆ ಎಕ್ಸ್‌ಟೆಂಡೆಡ್ ವಾರಂಟಿ ಅಂತ ದುಡ್ಡು ಕಟ್ಟಿದ್ದೆ, ಅದ್ರ ಕಿಲೋಮೀಟರ್ ಮಿತಿ ಎಷ್ಟು ಅಂತ ಕೇಳಿರ್ಲಿಲ್ಲ, ಶೋರೂಮಿನೋರೂ ಹೇಳ್ಲಿಲ್ಲ, ಫ್ಯೂಯಲ್ ಪಂಪ್ ಹೋದಾಗ ನೋಡಿದ್ರೆ ಮೀಟರ್ ಮೂರು ಸಾವಿರ ಜಾಸ್ತಿ ಓಡಿತ್ತು. ಪೂರ್ತಿ ಕೈಯಿಂದ ಹಾಕ್ಸ್ದೆ. ಹಾಗಾಗಿ ವರ್ಷ ಕೇಳ್ಬೇಡಿ, ಕಿಲೋಮೀಟರ್ ಕೇಳಿ, ಕೇಳಿ ಬುಕ್ಕಲ್ಲಿ ಬೆರಳಿಟ್ಟು ತೋರ್ಸೋಕೆ ಹೇಳಿ.

ಸರ್ವೀಸ್ ಸ್ಟೇಷನ್ ಮತ್ತೆ ಮೆಕ್ಯಾನಿಕ್

ನಮ್ಮ ಓಟಕ್ಕೆ ಎರಡು ತಿಂಗಳಿಗೊಂದು ಸರ್ವೀಸ್ ಬಂದೇ ಬರತ್ತೆ, ಹತ್ತತ್ರ 5,000 ಕಿಲೋಮೀಟರಿಗೆ. ಅಂದ್ರೆ ವರ್ಷಕ್ಕೆ ಆರು ಸಲ ರಜೆ ದಿನ ಅಲ್ಲಿಗೆ ಹೋಗ್ಬೇಕು. ಸರ್ವೀಸ್ ಸ್ಟೇಷನ್ ಭಾನುವಾರ ತೆಗೆದಿರತ್ತಾ, ನಿಮ್ಮ ವಾರದ ರಜೆಗೆ ಹೊಂದತ್ತಾ, ಮನೆಯಿಂದ ನಡ್ಕೊಂಡು ಹೋಗಿ ಗಾಡಿ ತರೋಷ್ಟು ಹತ್ರ ಇದೆಯಾ, ಬೈಕ್ ಆರ್ಸೋಕೆ ಮುಂಚೆನೇ ನೋಡಿ. ಎಷ್ಟೇ ಒಳ್ಳೆ ಗಾಡಿ ಆದ್ರೂ ಅದ್ರ ಪಾರ್ಟು ಬೆಂಗಳೂರಿಂದ ಬರೋಕೆ ನಾಲ್ಕು ದಿನ ಆಗೋದಾದ್ರೆ ಆ ನಾಲ್ಕು ದಿನ ನೀವು ಬಸ್ಸಲ್ಲಿ.

ನಮ್ಮ ಏರಿಯಾದ ಮೆಕ್ಯಾನಿಕ್ ಅಣ್ಣನ ಹತ್ರ ಮೂರನೇ ಬೈಕ್ ತಗೊಳ್ಳೋಕೆ ಮುಂಚೆ ಹೋಗಿ ಕೇಳಿದ್ದೆ. ಅವ್ನು ಒಂದು ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸ್ತಾ ಇದ್ದ, ಚೈನ್ ಕೆಳಗೆ ಎರಡು ಬೆರಳಿಟ್ಟು ಮೇಲೆ ಎತ್ತಿ ನೋಡ್ದ. "ಯಾವ್ದು ಒಳ್ಳೇದು ಅಂತ ನನ್ ಕೇಳ್ಬ್ಯಾಡ ಗುರು, ಯಾವ್ ಗಾಡಿ ನನ್ ಅಂಗಡಿಗೆ ಯಾವ್ ಕೆಲ್ಸಕ್ ಬತ್ತೈತೆ ಅಂತ ಕೇಳು" ಅಂದ. ಎಷ್ಟು ಸರಿಯಾದ ಮಾತು ಅಂತ ಆಮೇಲೆ ಅರ್ಥ ಆಯ್ತು. ಅದಕ್ಕೇ ಮೆಕ್ಯಾನಿಕ್ ಹತ್ರ ಕೇಳ್ಬೇಕಾದ್ದು ಇಷ್ಟು: ಒಂದು ಲಕ್ಷ ಓಡಿರೋ ಗಾಡಿ ನೋಡಿದೀಯಾ, ಕ್ಲಚ್ ಪ್ಲೇಟ್ ಎಷ್ಟಕ್ಕೆ ಹೋಗತ್ತೆ, ಚೈನ್ ಸ್ಪ್ರಾಕೆಟ್ ಕಿಟ್ ಎಷ್ಟು ರೂಪಾಯಿ, ಹಿಂದಿನ ಟೈರ್ ಸೈಜ್ ಎಲ್ಲಾ ಅಂಗಡಿಲೂ ಸಿಗತ್ತಾ. ಅಗಲ ಟೈರ್ ನೋಡೋಕೆ ಚೆಂದ, ಆದ್ರೆ ನಂಗೆ ವರ್ಷಕ್ಕೊಂದು ಹಿಂದಿನ ಟೈರು ಬೇಕು, ಎಂಟೊಂಬತ್ತು ತಿಂಗಳಿಗೊಂದು ಚೈನ್ ಕಿಟ್ಟು, ಆ ಖರ್ಚೂ ಪೆಟ್ರೋಲ್ ಪಕ್ಕದಲ್ಲೇ ಬರ್ಕೊಳ್ಳಿ.

ಟೆಸ್ಟ್ ರೈಡ್

ಶೋರೂಮ್ ಸುತ್ತ ಒಂದು ರೌಂಡ್ ಹಾಕಿ ಬಂದ್ರೆ ಅದು ಟೆಸ್ಟ್ ರೈಡ್ ಅಲ್ಲ. ಹೈವೇವರೆಗೂ ಬಿಡಿ ಅಂತ ಕೇಳಿ, ಬಿಡದಿದ್ರೆ ಇನ್ನೊಂದು ಶೋರೂಮಿಗೆ ಹೋಗಿ. ಕೆಲ್ಸ ಮುಗ್ಸಿ ಸುಸ್ತಾಗಿರೋ ಸಂಜೆ ಹೋಗಿ, ಆಗ್ಲೇ ಮೈ ನಿಜ ಹೇಳೋದು. ಟಾಪ್ ಗೇರಲ್ಲಿ 40ರಿಂದ 70ರವರೆಗೆ ಗೇರ್ ಇಳಿಸದೆ ಎತ್ತಿ ನೋಡಿ, ತಿಣುಕತ್ತಾ ಅಂತ. 70ರಲ್ಲಿ ಎರಡು ನಿಮಿಷ ಹಾಗೇ ಹಿಡಿದು ಕನ್ನಡಿ ನೋಡಿ. ಹಿಂದಿನ ಲಾರಿ ಕನ್ನಡೀಲಿ ಸ್ಪಷ್ಟ ಕಾಣ್ತಿದ್ರೆ ವೈಬ್ರೇಷನ್ ಕಮ್ಮಿ ಇದೆ ಅಂತ, ಚಿತ್ರ ಕಲೆಸಿಹೋಗಿದ್ರೆ ನಿಮ್ಮ ಕೈಯೂ ಒಂದು ಗಂಟೆಲಿ ಹಾಗೇ ಆಗತ್ತೆ. ಕ್ಲಚ್ಚನ್ನ ಇಪ್ಪತ್ತು ಸಲ ಹಿಡಿದು ಬಿಡಿ. ದಿನಾ ನಿಮ್ಮ ಜೊತೆ ಹಿಂದೆ ಕೂರೋರು ಇದ್ರೆ ಅವ್ರನ್ನೂ ಕರ್ಕೊಂಡು ಹೋಗಿ ಕೂರ್ಸಿ, ಹಿಂದಿನ ಸೀಟು ಅಂಗೈ ಅಗಲ ಇರೋ ಗಾಡಿಗಳು ಬಹಳ ಬಂದಿದಾವೆ.

ಸೆಕೆಂಡ್ ಹ್ಯಾಂಡ್ ನೋಡೋರಿಗೆ ಸ್ವಲ್ಪ ಹೇಳ್ತೀನಿ. 2020ರ ಏಪ್ರಿಲ್ ಆದ್ಮೇಲಿನ ಬಿಎಸ್6 ಗಾಡಿನೇ ನೋಡಿ, 2023ರ ಏಪ್ರಿಲ್ ಆದ್ಮೇಲಿಂದು ಸಿಕ್ಕಿದ್ರೆ ಇನ್ನೂ ಒಳ್ಳೇದು, ಈಗಿನ ಎಥನಾಲ್ ಪೆಟ್ರೋಲಿಗೆ ತಕ್ಕ ಪೈಪು ರಬ್ಬರು ಹಾಕಿ ಮಾಡಿರೋದು. ಮೀಟರ್ 20,000 ತೋರ್ಸಿ ಫುಟ್‌ರೆಸ್ಟ್ ರಬ್ಬರು, ಗೇರ್ ಲಿವರು ಸವೆದು ನುಣ್ಣಗಾಗಿದ್ರೆ ಮೀಟರ್ ನಂಬ್ಬೇಡಿ. ಪರಿವಾಹನ್ ಸೈಟಲ್ಲಿ ನಂಬರ್ ಹಾಕಿ ಸಾಲ ಬಾಕಿ ಇದೆಯಾ, ಫೈನ್ ಇದೆಯಾ ನೋಡಿ. ಫಾರಂ 29, 30 ಸೈನ್ ಆಗಿ ಗಾಡಿ ನಿಮ್ಮ ಹೆಸರಿಗೆ ಬರೋವರೆಗೂ ಪೂರ್ತಿ ದುಡ್ಡು ಕೊಡ್ಬೇಡಿ, ಪರಿಚಯದೋರೇ ಆದ್ರೂ.

ಗಾಡಿ ಮನೆಗೆ ಬಂದ್ಮೇಲೆ

ಮೊದಲ ಸರ್ವೀಸ್ 500-750 ಕಿಲೋಮೀಟರ್ ಇಲ್ಲಾ ಒಂದು ತಿಂಗಳು ಅಂತ ಇರತ್ತೆ, ನಮ್ಗೆ ಅದು ಒಂದೇ ವಾರಕ್ಕೆ ಬಂದುಬಿಡತ್ತೆ. ತಿಂಗಳಾಗ್ಲಿ ಅಂತ ಕಾಯ್ಬೇಡಿ, ಕಾದ್ರೆ ಎರಡೂವರೆ ಸಾವಿರ ಓಡಿರತ್ತೆ, ಮುಂದೆ ವಾರಂಟಿ ಕೇಳಿದಾಗ ಅದನ್ನೇ ತೋರಿಸ್ತಾರೆ. ಆ ಮೊದಲ ಸಾವಿರ ಕಿಲೋಮೀಟರ್ 55-60 ದಾಟ್ಬೇಡಿ, ಒಂದೇ ಸ್ಪೀಡಲ್ಲೂ ಹೋಗ್ಬೇಡಿ, ಏರಿಸ್ತಾ ಇಳಿಸ್ತಾ ಇರಿ. ಇಪ್ಪತ್ತು ನಿಮಿಷ ಬೇಗ ಹೊರಡಬೇಕಾಗತ್ತೆ ಅಷ್ಟೇ.

ಚೈನ್ ಮಾತ್ರ ಮರೀಬೇಡಿ. 500-600 ಕಿಲೋಮೀಟರಿಗೊಂದ್ಸಲ ಎಣ್ಣೆ ಅಂದ್ರೆ ನಮ್ಗೆ ವಾರಕ್ಕೊಂದ್ಸಲ. ನಾನು ಭಾನುವಾರ ಸಂಜೆ ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ಹಳೇ ಬಟ್ಟೆಲಿ ಚೈನ್ ಒರೆಸಿ, ಚಕ್ರ ಕೈಯಲ್ಲೇ ಹಿಂದಕ್ಕೆ ತಿರುಗಿಸ್ತಾ ಒಳಗಡೆ ಬದಿಗೆ 90 ನಂಬರ್ ಗೇರ್ ಆಯಿಲ್ ಬಿಡ್ತೀನಿ, ಹತ್ತು ನಿಮಿಷ ಬಿಟ್ಟು ಮೇಲಿಂದು ಒರೆಸ್ತೀನಿ. ಇಂಜಿನ್ ಆನ್ ಇಟ್ಟು ಗೇರ್ ಹಾಕಿ ಚಕ್ರ ತಿರುಗಿಸ್ತಾ ಒರೆಸೋಕೆ ಹೋಗ್ಬೇಡಿ, ನಮ್ಮ ಫ್ಯಾಕ್ಟರಿಲಿ ಒಬ್ಬ ಹುಡುಗನ ತೋರುಬೆರಳಿನ ತುದಿ ಹಾಗೇ ಹೋಯ್ತು. ಆಮೇಲೆ ಬಂಕಿಗೆ ಹೋಗಿ ಟೈರ್ ತಣ್ಣಗಿರುವಾಗ್ಲೇ ಗಾಳಿ ಚೆಕ್ ಮಾಡ್ಸಿ, ಎಷ್ಟು ಅಂತ ಚೈನ್ ಕವರ್ ಮೇಲಿನ ಸ್ಟಿಕರಲ್ಲಿ ಬರ್ದಿರತ್ತೆ, ಟ್ಯಾಂಕ್ ತುಂಬ ಪೆಟ್ರೋಲ್ ಹಾಕ್ಸ್ಕೊಂಡು ಬಂದು ರೇನ್ ಕೋಟು ಬಾಕ್ಸಿಗೆ ತುರುಕಿ ಇಟ್ರೆ ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಕಿಕ್ ಹೊಡೆದು ಹೊರಡೋದೊಂದೇ ಬಾಕಿ.